ಬಂದು ಹೋಗಲಿ

ಆ ಗಡುವು ಹುಟ್ಟಿದ್ದು ಲಿಫ್ಟಿನಲ್ಲಿ. ಒಂಬತ್ತು ಮಹಡಿ ಏರುವಷ್ಟು ಹೊತ್ತು ಸುಮ್ಮನೆ ನಿಲ್ಲಲಾರದೆ ಡೈರೆಕ್ಟರು ಪಕ್ಕದಲ್ಲಿದ್ದ ಮ್ಯಾನೇಜರನ್ನು ಕೇಳಿದರು: "ಆ ಪಂಪ್‌ಹೌಸಿನ ಪ್ರೋಗ್ರಾಮು, ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರಕ್ಕೆ ಆಗುತ್ತಾ?"

"ಆಗುತ್ತೆ ಸಾರ್."

"ಹಳೇದಕ್ಕಿಂತ ಬೇಗ ಕೆಲಸ ಮಾಡುತ್ತಾ?"

"ಅರ್ಧಕ್ಕರ್ಧ ಸಮಯ ಸಾರ್."

ಬಾಗಿಲು ತೆರೆಯಿತು. ನಾಲ್ಕು ತಿಂಗಳ ಕೆಲಸ ಹನ್ನೊಂದು ದಿನಕ್ಕೆ ಇಳಿದದ್ದು ಹೀಗೆ, ಏಳನೆಯ ಮಹಡಿಗೂ ಒಂಬತ್ತನೆಯ ಮಹಡಿಗೂ ನಡುವೆ.

ಈ ಮ್ಯಾನೇಜರಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟಿದ್ದ ಹೆಸರು ಆಗುತ್ತಪ್ಪ. ಮೇಲಿನವರು ಆಕಾಶಕ್ಕೆ ಏಣಿ ಹಾಕು ಎಂದರೂ ಅವರ ಬಾಯಲ್ಲಿ ಬರುತ್ತಿದ್ದುದು ಆ ಒಂದೇ ಮಾತು. ಏಣಿ ಹೊರುವವರು ಬೇರೆ ಇದ್ದರು. ಅವರಲ್ಲಿ ಮೊದಲಿನವಳಿಗೆ ಇಟ್ಟಿದ್ದ ಹೆಸರು ಇರುವೆ.

ಇರುವೆ ಎಂದರೆ ಸಣ್ಣ ಆಳು, ದೊಡ್ಡ ಹೊರೆ. ಮೂರು ವರ್ಷದಲ್ಲಿ ಅವಳು ಬರೆದ ಕೋಡನ್ನು ಬೇರೆಯವರು ತೋರಿಸಿ ಹೊಗಳಿಸಿಕೊಂಡಿದ್ದರು. ಬೇರೆಯವರು ಕೆಡಿಸಿದ್ದನ್ನು ಅವಳು ರಿಪೇರಿ ಮಾಡಿ ಬೈಸಿಕೊಂಡಿದ್ದಳು. ಈ ಸಲ ಮಾತ್ರ ಆಗುತ್ತಪ್ಪನವರು ಅವಳನ್ನು ಗಾಜಿನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಹೇಳಿದ್ದರು: "ಇದೊಂದನ್ನ ದಡ ಮುಟ್ಟಿಸು. ಟೀಮ್ ಲೀಡ್ ಜಾಗಕ್ಕೆ ನಿನ್ನ ಹೆಸರೇ ಮೇಲಕ್ಕೆ ಕಳಿಸ್ತೀನಿ."

ಆ ಸಂಜೆಯೇ ಅವಳು ಅಕ್ಕನಿಗೆ ಹೇಳಿದಳು. ಅಕ್ಕ ಇಡೀ ಬಳಗಕ್ಕೆ ಹೇಳಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ.

ಕೆಲಸ ಇಷ್ಟು. ಹೊಳೆಯ ದಂಡೆಯಲ್ಲೊಂದು ಪಂಪ್‌ಹೌಸು. ಅಲ್ಲಿಂದ ಹನ್ನೊಂದು ಕಿಲೋಮೀಟರು ದೂರದ ಗುಡ್ಡದ ಮೇಲಿನ ತೊಟ್ಟಿಗೆ ಒಂದೇ ಒಂದು ಕಬ್ಬಿಣದ ಪೈಪು. ಅರ್ಧ ಊರು ಕುಡಿಯುವುದು ಆ ತೊಟ್ಟಿಯ ನೀರನ್ನು. ದಿನಕ್ಕೆ ಎರಡು ಸಲ ಒಂದು ಪಂಪನ್ನು ನಿಲ್ಲಿಸಿ, ಅದಕ್ಕೂ ಪೈಪಿಗೂ ನಡುವಿನ ಗೇಟು ಮುಚ್ಚಿ, ಇನ್ನೊಂದನ್ನು ಎಬ್ಬಿಸಬೇಕು. ಇಪ್ಪತ್ತೆರಡು ವರ್ಷದಿಂದ ಒಂದು ಹಳೆಯ ಪ್ರೋಗ್ರಾಮು ಇದನ್ನು ಮಾಡುತ್ತ ಬಂದಿತ್ತು. ಒಂದು ಸಲಕ್ಕೆ ನಾಲ್ಕು ನಿಮಿಷ ಹತ್ತು ಸೆಕೆಂಡು. ಆಗುತ್ತಪ್ಪನವರ ಮಾತಿನ ಲೆಕ್ಕದಲ್ಲಿ ಹೊಸದು ಎರಡು ನಿಮಿಷ ಐದು ಸೆಕೆಂಡಿನೊಳಗೆ ಮುಗಿಸಬೇಕಿತ್ತು.

ಇರುವೆ ಹಳೆಯ ಕೋಡನ್ನು ಬಿಚ್ಚಿ ಕುಳಿತಳು. ಒಂದು ವಾರದಲ್ಲಿ ಸಂದು ಸಂದಿನಿಂದಲೂ ಸೆಕೆಂಡುಗಳನ್ನು ಹೆಕ್ಕಿ ತೆಗೆದಳು. ಎರಡು ನಿಮಿಷ ಮೂವತ್ತೊಂಬತ್ತಕ್ಕೆ ಬಂದು ಸಿಕ್ಕಿಕೊಂಡಳು. ಅಲ್ಲಿಂದ ಕೆಳಗಿಳಿಯಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಒಂದು ಸಾಲು. ಪಂಪು ನಿಂತ ಮೇಲೆ, ಗೇಟು ಮುಚ್ಚುವ ಮುಂಚೆ, ಪ್ರೋಗ್ರಾಮು ನಲವತ್ತೊಂದು ಸೆಕೆಂಡು ಏನೂ ಮಾಡದೆ ನಿಲ್ಲುತ್ತಿತ್ತು. ಯಾವುದನ್ನೂ ಪರೀಕ್ಷಿಸುತ್ತಿರಲಿಲ್ಲ, ಯಾವುದನ್ನೂ ಓದುತ್ತಿರಲಿಲ್ಲ. ಪಕ್ಕದಲ್ಲಿ ಬರೆದವರ ಟಿಪ್ಪಣಿ ಒಂದು: "ಬಂದು ಹೋಗಲಿ, ಆಮೇಲೆ ಮುಚ್ಚು."

ಇರುವೆ ಅದನ್ನು ಗಟ್ಟಿಯಾಗಿ ಓದಿದಾಗ ಸುತ್ತಲಿನ ಮೇಜುಗಳು ನಕ್ಕವು.

"ಯಾರು ಬರ್ಬೇಕಂತೆ? ನೆಂಟರಾ?" ಎಂದ ಚಪ್ಪಾಳೆ. ಮೀಟಿಂಗುಗಳಲ್ಲಿ ಎಲ್ಲರಿಗಿಂತ ಮೊದಲು ಚಪ್ಪಾಳೆ ಶುರು ಮಾಡುತ್ತಿದ್ದುದರಿಂದ ಅವನಿಗೆ ಆ ಹೆಸರು. ಟೀಮ್ ಲೀಡ್ ಜಾಗದ ಮೇಲೆ ಅವನಿಗೂ ಕಣ್ಣಿತ್ತು. "ಬಂದೋರಿಗೆ ಟೀ ಕೊಟ್ಟು ಕಳಿಸೋ ಅಷ್ಟು ಹೊತ್ತು ಕಾಯ್ತಾ ಇದೆ ನೋಡು, ಪಾಪ!"

ಇರುವೆಯೂ ನಕ್ಕಳು. ನಗುತ್ತಲೇ ಆ ಸಾಲನ್ನು ಅಳಿಸಿದಳು. ಒಂದು ನಿಮಿಷ ಐವತ್ತೆಂಟು ಸೆಕೆಂಡು. ಅಳಿಸಿದ ಜಾಗದಲ್ಲಿ, ಆ ಆಫೀಸಿನ ಪದ್ಧತಿಯಂತೆ, ಅವಳ ಹೆಸರು, ತಾರೀಖು, ಗಂಟೆ ತಾವಾಗಿಯೇ ದಾಖಲಾದವು. ಅಲ್ಲಿ ಯಾರು ಯಾವ ಸಾಲು ಮುಟ್ಟಿದರೂ ಹೆಸರು ಅಂಟಿಕೊಳ್ಳುತ್ತಿತ್ತು, ಉಜ್ಜಿದರೆ ಹೋಗುವಂಥದ್ದಲ್ಲ. ಆಗುತ್ತಪ್ಪನವರು ಬಂದು ಗಡಿಯಾರ ಹಿಡಿದು ನೋಡಿದರು. ಚಪ್ಪಾಳೆ ಚಪ್ಪಾಳೆ ತಟ್ಟಿದ. ಮೂರು ವರ್ಷದಲ್ಲಿ ಮೊದಲ ಸಲ ಅದು ಇರುವೆಗಾಗಿ ಕೇಳಿಸಿತು, ಮತ್ತು ಅವಳ ಕಿವಿ ಬಿಸಿಯಾಯಿತು.

ಶುಕ್ರವಾರ ಪಂಪ್‌ಹೌಸಿಗೆ ಯಾರಾದರೂ ಹೋಗಿ ಹೊಸ ಕಂಟ್ರೋಲ್ ಪೆಟ್ಟಿಗೆಯನ್ನು ಜೋಡಿಸಿ ಬರಬೇಕಿತ್ತು. ಡೈರೆಕ್ಟರ ಮುಂದೆ ಸೋಮವಾರ ನಡೆಯಬೇಕಿದ್ದ ಪ್ರದರ್ಶನಕ್ಕೆ ಮೂರು ದಿನ ಇರುವಾಗ ಆಫೀಸಿನಿಂದ ಮರೆಯಾಗಲು ಯಾರಿಗೂ ಇಷ್ಟವಿರಲಿಲ್ಲ. ಕಣ್ಣೆದುರು ಇದ್ದವನಿಗೇ ಕೆಲಸದ ಕೀರ್ತಿ ಸೇರುವ ಜಾಗ ಅದು.

"ಇರುವೆನೇ ಹೋಗ್ಲಿ ಸಾರ್," ಎಂದ ಚಪ್ಪಾಳೆ, ಬೆಣ್ಣೆಯಂಥ ದನಿಯಲ್ಲಿ. "ಅವಳ ಕೂಸು ತಾನೇ. ಇಲ್ಲಿ ಸ್ಲೈಡು ಗೀಡು ನಾನು ನೋಡ್ಕೋತೀನಿ."

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ ಎಂದುಕೊಂಡು ಇರುವೆ ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡಳು.

ಕೊನೆಯ ಸ್ಟಾಪಿನಲ್ಲಿ ಬಸ್ಸಿಳಿದು, ಎತ್ತರದ ಗೋಡೆಯ ಪಕ್ಕ ಹತ್ತು ನಿಮಿಷ ನಡೆದಾಗ ಪಂಪ್‌ಹೌಸು ಸಿಕ್ಕಿತು. ಒಳಗೆ ಉದ್ದನೆಯ ಹಜಾರ. ಎಣ್ಣೆಯ ವಾಸನೆ. ಸಾಲಾಗಿ ಆರು ಪಂಪು, ಒಂದೊಂದೂ ಒಂದು ಕಾರಿನಷ್ಟು; ಓಡುತ್ತಿದ್ದುದು ಒಂದೇ. ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುವ ಗುಂಯ್‌ಗುಡುವಿಕೆ. ಗೋಡೆ ಒಡೆದು ಒಳಬಂದಂತೆ ಹಜಾರದ ಒಂದು ಮಗ್ಗುಲಲ್ಲಿ ಮಲಗಿತ್ತು ಆ ಪೈಪು. ಅದರ ಬೆನ್ನು ಇರುವೆಯ ಎದೆಮಟ್ಟಕ್ಕೆ ಬರುತ್ತಿತ್ತು.

ಅಲ್ಲಿನ ಪಂಪ್ ಆಪರೇಟರು ಐವತ್ತು ದಾಟಿದ ಹೆಂಗಸು. ಖಾಕಿ ಅಂಗಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಇರುವೆ ಪೆಟ್ಟಿಗೆ ಜೋಡಿಸಿ ಮುಗಿಸುವ ತನಕ ಕೈ ಕಟ್ಟಿ ನೋಡುತ್ತಿದ್ದವಳು ಕೇಳಿದಳು: "ಎಷ್ಟು ಹೊತ್ತು ಕಾಯುತ್ತಮ್ಮ ನಿನ್ನ ಪೆಟ್ಟಿಗೆ?"

"ಕಾಯಲ್ಲ ಅಕ್ಕ. ಅದನ್ನ ತೆಗೆದ್ವಿ. ಪಂಪು ನಿಂತ ಕೂಡ್ಲೆ ಗೇಟು ಮುಚ್ಚಿಬಿಡುತ್ತೆ."

ಆಪರೇಟರು ಪೆನ್ಸಿಲನ್ನು ಕಿವಿಯಿಂದ ತೆಗೆದಳು. ಮತ್ತೆ ಸಿಕ್ಕಿಸಿಕೊಂಡಳು.

"ಯಾರು ತೆಗೆದ್ರು?"

"ನಾನೇ."

"ನೀನು ಪೈಪು ನೋಡಿದೀಯಾ?"

"ಇವತ್ತೇ ಮೊದ್ಲು."

"ನೋಡೋದಲ್ಲ ಅದು. ಬಾ ಇಲ್ಲಿ. ಪಂಪು ಬದಲಾಯಿಸೋ ಹೊತ್ತಾಯ್ತು, ಈ ಸಲ ಕೈಯಲ್ಲೇ ಮಾಡ್ತೀನಿ. ಎರಡೂ ಅಂಗೈ ಇಡು. ಬಳೆ ತೆಗೆದಿಡು, ಇಲ್ದಿದ್ರೆ ಅದ್ರ ಸದ್ದೇ ಕೇಳುತ್ತೆ."

ಇರುವೆ ಅಂಗೈಗಳನ್ನು ಕಬ್ಬಿಣದ ಮೇಲಿಟ್ಟಳು. ತಣ್ಣಗಿತ್ತು. ಒಳಗೆ ನೀರು ಓಡುತ್ತಿರುವುದು ಸಣ್ಣ ಜುಮುಜುಮು ಆಗಿ ಬೆರಳಿಗೆ ಹತ್ತುತ್ತಿತ್ತು. ಆಪರೇಟರು ಕೆಂಪು ಗುಂಡಿ ಒತ್ತಿದಳು. ಪಂಪಿನ ದನಿ ಕೆಳಗಿಳಿಯುತ್ತ ಹೋಗಿ ನಿಂತಿತು. ಹಜಾರ ಎಷ್ಟು ಖಾಲಿಯಾಯಿತೆಂದರೆ ಇರುವೆಗೆ ತನ್ನ ಉಸಿರೇ ಪರಕೀಯ ಅನ್ನಿಸಿತು. ಅಂಗೈಯ ಕೆಳಗೆ ಏನೂ ಇಲ್ಲ. ಸತ್ತ ಕಬ್ಬಿಣ.

"ನಿಂತೋಯ್ತು," ಎಂದಳು.

"ಇಲ್ಲಿ ನಿಂತಿದೆ. ಅಲ್ಲಿ ಗುಡ್ಡ ಹತ್ತಾ ಇರೋ ನೀರಿಗೆ ಇನ್ನೂ ಗೊತ್ತಿಲ್ಲ. ಸುದ್ದಿ ಹೋಗ್ಬೇಕಲ್ಲ? ಹನ್ನೊಂದು ಕಿಲೋಮೀಟ್ರು. ಹೋಗ್ತಿದೆ ಈಗ. ಮಾತಾಡ್ಬೇಡ."

ಇರುವೆ ಎಣಿಸತೊಡಗಿದ್ದಳು, ಯಾಕೆಂದು ಗೊತ್ತಿಲ್ಲದೆ. ಹದಿನೈದು. ಹದಿನೆಂಟು. ಇಪ್ಪತ್ತು.

ಬಂತು.

ಮೊದಲು ಅದು ಸದ್ದಾಗಿರಲಿಲ್ಲ. ಎಲ್ಲೋ ಬಹಳ ದೂರದಲ್ಲಿ ಒಂದು ದೊಡ್ಡ ಪ್ರಾಣಿ ಮಗ್ಗುಲು ಬದಲಿಸಿದಂತೆ ಕಬ್ಬಿಣ ಅಂಗೈಯನ್ನು ಹೊರಕ್ಕೆ ತಳ್ಳಿತು. ಆಮೇಲೆ ಧಂ ಎಂದು ಒಂದೇ ಏಟು, ಪೈಪಿನ ಉದ್ದಕ್ಕೂ, ನೆಲದೊಳಗೆ, ಅವಳ ಮೊಣಕೈಯಲ್ಲಿ, ಹಲ್ಲಿನ ಬುಡದಲ್ಲಿ. ಕಿಟಕಿಯ ಗಾಜುಗಳು ಒಮ್ಮೆ ಜಿಲ್ಲೆಂದವು. ಸಾವಿರಾರು ಟನ್ ನೀರಿನೊಳಗೆ ಆ ಸುದ್ದಿ ಗುಡ್ಡದವರೆಗೆ ಹೋಗಿ, ತೊಟ್ಟಿಯನ್ನು ಮುಟ್ಟಿ, ತಿರುಗಿ ತನ್ನ ಬಾಗಿಲಿಗೆ ಬಂದು ಹಣೆ ಚಚ್ಚಿಕೊಂಡಿತ್ತು. ಇರುವೆ ಕೈ ಹಿಂದೆಳೆಯಲಿಲ್ಲ. ಎಳೆಯಲು ಬರಲಿಲ್ಲ. ಕಣ್ಣಲ್ಲಿ ನೀರು ನಿಂತಿದ್ದು ಹೆದರಿಕೆಗೆ ಅಲ್ಲ ಎನ್ನುವುದಷ್ಟೇ ಅವಳಿಗೆ ಗೊತ್ತಾಗುತ್ತಿತ್ತು. ಅವಳು ಹುಟ್ಟುವುದಕ್ಕೂ ಮುಂಚಿನಿಂದ, ಅವಳು ಮುಖ ತೊಳೆಯುವ, ಬಸ್ಸು ಹಿಡಿಯುವ, ಮೀಟಿಂಗಿನಲ್ಲಿ ಆಕಳಿಸುವ ಎಲ್ಲ ದಿನಗಳಲ್ಲೂ, ರಸ್ತೆಗಳ ಕೆಳಗೆ ಇದು ದಿನಕ್ಕೆರಡು ಸಲ ಹೋಗಿ ಬರುತ್ತಿತ್ತು. ಅವಳು ಅದನ್ನು ಒಂದು ಬೆರಳಿನಿಂದ ಅಳಿಸಿದ್ದಳು.

"ಇನ್ನೊಂದ್ಸಲ ಬರುತ್ತೆ, ಸುಸ್ತಾಗಿ," ಎಂದಳು ಆಪರೇಟರು.

ಬಂತು, ಇನ್ನೊಂದು ಇಪ್ಪತ್ತು ಸೆಕೆಂಡಿಗೆ, ಮುದುಕರು ಬಾಗಿಲು ತಟ್ಟುವಂತೆ ಮೆಲ್ಲಗೆ. ಆಮೇಲೆ ಆಪರೇಟರು ಗೇಟಿನ ಚಕ್ರ ತಿರುಗಿಸಿದಳು.

"ಅದು ದಾರಿಲಿರೋವಾಗ ಗೇಟು ಮುಚ್ಚಿದ್ರೆ?" ಕೇಳುವಾಗ ಇರುವೆಗೆ ಉತ್ತರ ಅರ್ಧ ಗೊತ್ತಿತ್ತು.

ಆಪರೇಟರು ಮೇಲೆ ನೋಡಿದಳು. ತುಕ್ಕು ಬಣ್ಣದ ಛಾವಣಿಯಲ್ಲಿ ಎರಡು ತಗಡು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು. "ಒಂದ್ಸಲ ಒಬ್ಬ ಕೈಯಲ್ಲಿ ಮಾಡೋಕೆ ಹೋಗಿ ಅವಸರದಲ್ಲಿ ಮುಚ್ಚಿದ. ಗೇಟಿನ ಮುಚ್ಚಳ, ಒಂದು ಎಮ್ಮೆ ತೂಕದ್ದು, ಅಲ್ಲಿಂದ ಹೊರಗೆ ಹೋಯ್ತು. ನಾನು ಆಚೆ ಟೀ ಕುಡೀತಿದ್ದೆ. ಅದಕ್ಕೇ ಇವತ್ತು ನಿನ್ನ ಹತ್ರ ಮಾತಾಡ್ತಿದೀನಿ. ಅವನ ಕಾಲು ಹೋಯ್ತು. ಊರಿಗೆ ಆರು ದಿನ ನೀರಿಲ್ಲ."

"ಅಕ್ಕ, ಹಳೇ ಪ್ರೋಗ್ರಾಮು ಬರೆದವರು ಯಾರು?"

"ಹೆಸರು ನೆನಪಿಲ್ಲಮ್ಮ. ತೆಳ್ಳಗೆ ಒಬ್ಬ ಬರ್ತಿದ್ದ. ಇಪ್ಪತ್ತು ದಿನ ಇಲ್ಲೇ ಕೂತಿದ್ದ, ಪೈಪಿಗೆ ಕಿವಿ ಇಟ್ಕೊಂಡು. ಹುಚ್ಚನೋ ಏನೋ ಅಂದ್ಕೊಂಡ್ವಿ. ಕೊನೇ ದಿನ ಒಂದು ಸಂಖ್ಯೆ ಬರ್ಕೊಂಡು ಹೋದ."

ಆ ಪೆಟ್ಟಿಗೆ ಓಡುವುದು ಆಫೀಸಿನಲ್ಲಿರುವ ಕೋಡಿನ ಪ್ರಕಾರ. ಮಧ್ಯಾಹ್ನ ಇರುವೆ ಆಫೀಸಿಗೆ ಬಂದವಳೇ ಆ ಸಾಲನ್ನು ವಾಪಸು ಹಾಕಿದಳು. ಟಿಪ್ಪಣಿ ಸಮೇತ. ಎರಡು ನಿಮಿಷ ಮೂವತ್ತೊಂಬತ್ತು. ಆಮೇಲೆ ಗಾಜಿನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಆಗುತ್ತಪ್ಪನವರು ಕೆಟ್ಟವರಲ್ಲ. ಅವರು ನಿಜವಾಗಿ ಬೆವತರು. "ಅಯ್ಯೋ ತಾಯಿ, ನಾನು ಅರ್ಧ ಅಂತ ಹೇಳ್ಬಿಟ್ಟಿದೀನಲ್ಲ! ಒಂದು ಕೆಲಸ ಮಾಡು. ಸೋಮವಾರಕ್ಕೆ ತೆಗಿ. ಮಂಗಳವಾರ ಹಾಕು."

"ಸೋಮವಾರ ಒತ್ತೋ ಗುಂಡಿ ನಿಜವಾದ ಪಂಪಿಂದು ಸಾರ್."

"ಒಂದೇ ಒಂದು ಸಲ ತಾನೇ? ಒಂದು ಸಲಕ್ಕೆ ಏನಾಗುತ್ತೆ?"

"ಹೋದ ಸಲಾನೂ ಒಂದೇ ಸಲ ಆಗಿದ್ದು. ಪೈಪಿನ ಪಕ್ಕ ಆ ಅಕ್ಕ ನಿಂತಿರ್ತಾಳೆ."

ಅವರು ಹೊರಗೆ ಇಣುಕಿ ಚಪ್ಪಾಳೆಯನ್ನು ಕರೆದರು. "ನೋಡಪ್ಪ, ಒಂದು ಸಾಲು ತೆಗೀಬೇಕು. ಇವಳಿಗೆ ಕೈ ಬರ್ತಿಲ್ಲ."

ಚಪ್ಪಾಳೆ ಹುರುಪಿನಿಂದ ಕೀಬೋರ್ಡಿಗೆ ಬಾಗಿದ. ಸಾಲು ನೋಡಿದ, ಪಕ್ಕದ ಕಾಲಂ ನೋಡಿದ. ಅಲ್ಲಿ ತನ್ನ ಹೆಸರು ಬಂದು ಕೂರುವ ಖಾಲಿ ಜಾಗ ನೋಡಿದ. ಬೆರಳು ಹಿಂದಕ್ಕೆ ಬಂತು.

"ಅದು ಇರುವೆ ಕೋಡು ಸಾರ್. ಇನ್ನೊಬ್ರ ಕೋಡಿಗೆ ನಾನು ಕೈ ಹಾಕೋದು... ಸಭ್ಯತೆ ಅಲ್ಲ."

"ಇಷ್ಟು ದಿನ ಎಲ್ಲಿತ್ತಪ್ಪ ಈ ಸಭ್ಯತೆ?" ಎಂದಳು ಇರುವೆ.

ಆಗುತ್ತಪ್ಪನವರು ಸ್ವತಃ ಕೋಡು ಮುಟ್ಟಿ ಒಂಬತ್ತು ವರ್ಷವಾಗಿತ್ತು, ಪಾಸ್‌ವರ್ಡೂ ಮರೆತಿದ್ದರು. ಕೊನೆಗೆ ಮೇಜಿನ ಮೇಲಿನ ಪೇಪರ್‌ವೆಯ್ಟನ್ನು ತಿರುಗಿಸುತ್ತ, ಅವಳ ಮುಖ ನೋಡದೆ ಹೇಳಿದರು: "ಲೀಡ್ ಪತ್ರಕ್ಕೆ ಸಹಿ ಆಗೋದು ಸೋಮವಾರ ಪ್ರದರ್ಶನ ಆದ್ಮೇಲೆ. ಯೋಚನೆ ಮಾಡು. ಎರಡು ದಿನ ಇದೆ."

ಭಾನುವಾರ ಬೆಳಿಗ್ಗೆ, ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಅಕ್ಕನಿಗೆ ಇರುವೆ ವಿಷಯ ಹೇಳಿದಳು. ಅಕ್ಕ ಕೈಯಲ್ಲಿದ್ದ ಒದ್ದೆ ಟವೆಲನ್ನು ಹಿಂಡುತ್ತಲೇ ಇದ್ದಳು, ಹಿಂಡಲು ಹನಿಯೂ ಉಳಿಯದಿದ್ದರೂ.

"ಚಿಕ್ಕಮ್ಮಂಗೆ ಹೇಳಿದೀನಿ. ಅತ್ತಿಗೆಗೆ ಹೇಳಿದೀನಿ. ನಿಮ್ಮ ಭಾವನ ಆಫೀಸಲ್ಲಿ ಸ್ವೀಟ್ ಹಂಚಾಯ್ತು."

"ಸ್ವೀಟ್ ಯಾಕೆ ಹಂಚಿದ್ರಿ?"

"ಖುಷಿ ಕಣೇ! ತಪ್ಪಾ?" ಟವೆಲು ತಂತಿಯ ಮೇಲೆ ಬಿತ್ತು. "ಸರಿ, ನಾಳೆ ಆ ಆಪರೇಟರಮ್ಮ ಡ್ಯೂಟಿಲಿ ಇರ್ತಾಳಾ?"

"ಇರ್ತಾಳೆ."

"ಪೈಪಿನ ಹತ್ರನೇ?"

"ಹೂಂ."

"ಮತ್ತೆ ನನ್ನನ್ನ ಏನು ಕೇಳ್ತಿದೀಯ? ಕ್ಲಿಪ್ಪು ಕೊಡು ಇಲ್ಲಿ."

ಒಳಗಿನಿಂದ ಭಾವ ಕೂಗಿದರು: "ಸ್ವೀಟ್ ತಿಂದೋರೆಲ್ಲ ವಾಪಸ್ ಕೊಡ್ಬೇಕಾಗಿಲ್ಲ ತಾನೇ?"

ಸೋಮವಾರ ಹನ್ನೊಂದು ಗಂಟೆಗೆ ಮೀಟಿಂಗ್ ಕೋಣೆ ತುಂಬಿತ್ತು. ಬಾಗಿಲಲ್ಲೇ ಆಗುತ್ತಪ್ಪನವರು ಇರುವೆಯನ್ನು ತಡೆದರು. "ತೆಗೆದ್ಯಾ?"

"ಇಲ್ಲ ಸಾರ್. ತೆಗಿಯಲ್ಲ."

ಅವರು ಬಾಯಿ ತೆರೆಯುವಷ್ಟರಲ್ಲಿ ಲಿಫ್ಟು ಟಿಣ್ ಎಂದಿತು. ಡೈರೆಕ್ಟರು, ಅವರ ಹಿಂದೆ ನೀರು ಇಲಾಖೆಯ ನಾಲ್ವರು ಬಂದು ಕುಳಿತರು. ಚಪ್ಪಾಳೆ ಹನ್ನೆರಡು ಸ್ಲೈಡು ತೋರಿಸಿದ. ಪ್ರತಿಯೊಂದರಲ್ಲೂ "ಅರ್ಧ" ಎಂಬ ಮಾತು ದಪ್ಪ ಅಕ್ಷರದಲ್ಲಿತ್ತು. ಆಮೇಲೆ ಗೋಡೆಯ ಪರದೆಯ ಮೇಲೆ ಪಂಪ್‌ಹೌಸಿನ ಹಜಾರ ಮೂಡಿತು. ಖಾಕಿ ಅಂಗಿಯ ಹೆಂಗಸು ಪೈಪಿನ ಪಕ್ಕ ನಿಂತಿದ್ದಳು.

ಡೈರೆಕ್ಟರು ಗುಂಡಿ ಒತ್ತಿದರು. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡತೊಡಗಿದವು. ಪಂಪು ನಿಂತಿತು. ಆಮೇಲೆ ಏನೂ ಆಗಲಿಲ್ಲ.

ಮುಗಿಯಿತೆಂದು ತಿಳಿದು ಚಪ್ಪಾಳೆ ಚಪ್ಪಾಳೆ ತಟ್ಟಿದ. ಇನ್ನಿಬ್ಬರು ಸೇರಿಕೊಂಡು, ಬೇರೆ ಯಾರೂ ಸೇರದ್ದನ್ನು ನೋಡಿ ಕೈಗಳನ್ನು ಮೇಜಿನ ಕೆಳಗೆ ಅಡಗಿಸಿದರು.

"ಕೆಟ್ಟು ನಿಂತಿದೆಯಾ?" ಎಂದರು ಡೈರೆಕ್ಟರು.

ಆಗುತ್ತಪ್ಪನವರು ಇರುವೆಯ ಕಡೆ ತಿರುಗಿದರು.

ಇರುವೆ ಎದ್ದು ನಿಂತಳು. "ಕೆಟ್ಟಿಲ್ಲ ಸಾರ್, ಕಾಯ್ತಾ ಇದೆ. ಪಂಪು ನಿಂತ ಸುದ್ದಿ ಪೈಪಲ್ಲಿ ಗುಡ್ಡಕ್ಕೆ ಹೋಗಿದೆ. ಈಗ ತಿರುಗಿ ಬರ್ತಾ ಇದೆ. ಹನ್ನೊಂದು ಕಿಲೋಮೀಟರು. ಆ ಅಕ್ಕನ ಕೈ ನೋಡ್ತಿರಿ."

ಎಲ್ಲರೂ ನೋಡಿದರು. ಪರದೆಯ ಮೇಲಿನ ಹೆಂಗಸು ಪೈಪಿನ ಮೇಲೆ ಅಂಗೈ ಇಟ್ಟಿದ್ದಳು. ಯಾರೂ ಕೆಮ್ಮಲಿಲ್ಲ. ಫೋನುಗಳು ಮೇಜಿನ ಮೇಲೆ ಮಗುಚಿ ಬಿದ್ದಿದ್ದವು. ಇರುವೆಗೆ ಈಗ ಪರದೆ ಬೇಕಿರಲಿಲ್ಲ. ಅದು ಬರುವುದು ಅವಳಿಗೆ ಕಾಣುತ್ತಿತ್ತು: ಗುಡ್ಡ ಇಳಿದು, ಶಾಲೆಯ ಮೈದಾನದ ಕೆಳಗೆ, ಬಸ್ ನಿಲ್ದಾಣದ ಕೆಳಗೆ, ಕ್ಷೌರದ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕುಳಿತವನ ಕೆಳಗೆ, ಒಂದು ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಮಿಗಿಲಾಗಿ, ಯಾರ ಅಪ್ಪಣೆಯನ್ನೂ ಕೇಳದೆ, ಯಾರ ಸೋಮವಾರವನ್ನೂ ಲೆಕ್ಕಿಸದೆ.

ಖಾಕಿ ತೋಳು ಅದುರಿತು. ಕ್ಯಾಮೆರಾ ಕೂಡ ಒಮ್ಮೆ ಅಲುಗಿ, ಇಡೀ ಹಜಾರ ಪರದೆಯ ಮೇಲೆ ಮಸುಕಾಗಿ ಮತ್ತೆ ನಿಂತಿತು.

"ಅಬ್ಬಾ," ಎಂದರು ಇಲಾಖೆಯ ನಾಲ್ವರಲ್ಲಿ ಒಬ್ಬರು, ತಮಗೇ ಗೊತ್ತಿಲ್ಲದಂತೆ.

ಎರಡನೆಯದು ಬಂದು ಹೋಯಿತು. ಗೇಟು ಮುಚ್ಚಿತು, ಇನ್ನೊಂದು ಪಂಪು ಎದ್ದಿತು. ಎರಡು ನಿಮಿಷ ಮೂವತ್ತೊಂಬತ್ತು.

"ಅರ್ಧ ಅಂದಿದ್ರಿ," ಎಂದರು ಡೈರೆಕ್ಟರು.

"ಅರ್ಧ ಆಗಿತ್ತು ಸಾರ್," ಎಂದಳು ಇರುವೆ. "ಈ ಕಾಯೋ ಸಾಲನ್ನ ನಾನು ಅಳಿಸಿದ್ದೆ. ನನ್ನ ಹೆಸರೇ ಇದೆ, ನೋಡ್ಬಹುದು. ಏನಕ್ಕೆ ಅಂತ ಗೊತ್ತಾದ್ಮೇಲೆ ವಾಪಸ್ ಹಾಕಿದೆ. ಹಾಗೇ ಬಿಟ್ಟಿದ್ರೆ ಈಗ ಆ ಅಕ್ಕ..." ಮಾತು ಮುಗಿಸಲಿಲ್ಲ. ಪರದೆಯ ಮೇಲೆ ಆ ಅಕ್ಕ ಕಿವಿಯ ಪೆನ್ಸಿಲು ತೆಗೆದು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು.

ಡೈರೆಕ್ಟರು ಎದ್ದರು. ಲಿಫ್ಟಿನ ತನಕ ಹಿಂದೆ ಹೋದ ಆಗುತ್ತಪ್ಪನವರು ಬಹಳ ಹೊತ್ತು ಬಿಟ್ಟು ವಾಪಸು ಬಂದರು.

ಲೀಡ್ ಪತ್ರ ಸಂಜೆಯ ಹೊತ್ತಿಗೆ ಚಪ್ಪಾಳೆಯ ಹೆಸರಿನಲ್ಲಿ ಬಂತು. ಅವನಿಗಾಗಿ ಮೊದಲು ಚಪ್ಪಾಳೆ ಶುರು ಮಾಡುವವರು ಯಾರೆಂದು ತಿಳಿಯದೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಇರುವೆಗೆ ಬಳಗದ ಮುಖಗಳೆಲ್ಲ ಸಾಲಾಗಿ ಕಣ್ಣ ಮುಂದೆ ಹಾದುಹೋದವು.

ಆಗುತ್ತಪ್ಪನವರು ಅವಳ ಮೇಜಿಗೆ ಬಂದರು. "ಹಳೇ ಕೋಡಲ್ಲಿ ಇಂಥ ಕಾಯೋ ಸಾಲು ಇನ್ನೆಷ್ಟಿವೆ?"

"ಬೇರೆ ಬೇರೆ ಕಡೆ ಸೇರಿ ಹದಿನಾಲ್ಕು ಸಾರ್."

"ಎಲ್ಲಾ ಕಡೆ ನೀನೇ ಹೋಗಿ ನೋಡ್ಕೊಂಡು ಬರ್ಬೇಕಂತೆ. ಡೈರೆಕ್ಟರ ಮಾತು. ಶಿಕ್ಷೆನೋ ಬಹುಮಾನನೋ ನಂಗೂ ಗೊತ್ತಾಗ್ಲಿಲ್ಲ." ಗೋಡೆಯ ಕ್ಯಾಲೆಂಡರು ನೋಡಿದರು. "ಹದಿನೈದು ದಿನ ಸಾಕಲ್ವಾ?"

"ಆಗಲ್ಲ ಸಾರ್," ಎಂದಳು ಇರುವೆ. "ನಾಲ್ಕು ತಿಂಗಳು."

ಆ ಮಹಡಿಯಲ್ಲಿ ಆ ಮಾತು ಎಷ್ಟು ಹೊಸದಾಗಿತ್ತೆಂದರೆ ಅವರು ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ನಾಲ್ಕು ಎಂದು ಬರೆದುಕೊಂಡರು, ಮೇಲೆ ಹೋಗುವಷ್ಟರಲ್ಲಿ ಬಾಯಿ ತಪ್ಪದಿರಲಿ ಎಂದು.

ಗುರುವಾರ ಬೆಳಿಗ್ಗೆ ಇರುವೆ ಊರಾಚೆಯ ದೊಡ್ಡ ಕೆರೆಯ ತೂಬಿನ ಬಳಿ ನಿಂತಿದ್ದಳು. ಪಟ್ಟಿಯ ಎರಡನೆಯ ಸಾಲು ಅಲ್ಲಿಯದು: ಸೈರನ್ ಆದ ಮೇಲೆ, ತೂಬು ಎತ್ತುವ ಮುಂಚೆ, ತೊಂಬತ್ತು ಸೆಕೆಂಡು. ಟಿಪ್ಪಣಿಯಲ್ಲಿ ಇದ್ದದ್ದು ಎರಡೇ ಪದ: "ಅವು ಏಳಲಿ."

ಕಾವಲುಗಾರ ಸೈರನ್ ಒತ್ತಿದ. ತೂಬಿನ ಕೆಳಗೆ, ನೀರು ಧುಮುಕಲಿರುವ ಕಲ್ಲುಹಾಸಿನ ಮೇಲೆ ಬೆಳ್ಳಗೆ ಹರಡಿದ್ದುದನ್ನು ಅವಳು ಅಲ್ಲಿಯ ತನಕ ಕಲ್ಲೆಂದೇ ತಿಳಿದಿದ್ದಳು. ಅದು ಅಲುಗಿತು. ಒಂದು ಅಂಚಿನಿಂದ ಮೇಲೆದ್ದಿತು. ಸಾವಿರಾರು ಹಕ್ಕಿಗಳು, ಸಾಲು ಸಾಲಾಗಿ, ಒಂದರ ರೆಕ್ಕೆ ಒಂದಕ್ಕೆ ತಾಗದಂತೆ, ತಮ್ಮ ಸರದಿ ಕಾಯುತ್ತ ಏಳತೊಡಗಿದವು. ಅವಳು ಎಣಿಸಲು ಮರೆತಳು. ತಲೆಯ ಮೇಲೆ ಬೆಳಕು ಕಡಿಮೆಯಾಗಿ ಮತ್ತೆ ಬಂತು. ಹಾಸಿನ ಮೇಲೆ ಕೊನೆಗೆ ಒಂದೇ ಒಂದು ಉಳಿದಿತ್ತು, ಒಂದು ಕಾಲು ಕುಂಟುತ್ತ. ಅದು ನಾಲ್ಕು ಹೆಜ್ಜೆ ಓಡಿ, ಬಿದ್ದು, ಮತ್ತೆ ಓಡಿ, ಎದ್ದಿತು.

ಆಮೇಲೆ ತೂಬು ಸರಿಯಿತು, ನೀರು ಇಳಿಯಿತು.